ವಿಷಯ: ನನ್ನ ಬಾಗಲದ ಮುಂದಿನ ಕಂಬ

ಮಾನ್ಯರೇ,
ಅಂತ ಬರದು ಕುಂತೀನಿ. ಮುಂದಿಂದು ಬರವಲ್ದು.
ತಹಸೀಲ್ದಾರ ಕಚೇರಿ ಬೇವಿನ ಗಿಡದ ಬುಡಕ
ಹನ್ನೊಂದು ವರ್ಷ ಮಂದಿ ಅರ್ಜಿ ಬರದಾಕಿ ನಾ,
ಒಂದಕ್ಕ ಮೂವತ್ತು ರೂಪಾಯಿ, ಮುದುಕರಿಗೆ ಇಪ್ಪತ್ತು.
ಸತ್ತವರ ಹೆಸರು ರೇಷನ್ ಕಾರ್ಡಿನಿಂದ ತಗಸೀನಿ,
ಬದುಕಿದ್ದವರಿಗೆ ಬದುಕ್ಯಾರ ಅಂತ ಬರಕೊಟ್ಟೀನಿ.
‘ಈ ಮೂಲಕ ತಮ್ಮಲ್ಲಿ ಸವಿನಯ’ ಅಂಬೂದು
ನಿದ್ದಿಗಣ್ಣಾಗೂ ನನ್ನ ಪೆನ್ನಿಗೆ ಬರತದ.
ಇವತ್ತ ನನ್ನ ಪಾಳಿ. ಪೆನ್ನು ಒಣಗೇದ.

ಸಂಗತಿ ಇಷ್ಟ:
ಹೋದ ಮಂಗಳವಾರ ಪಾಲಿಕೆ ಮಂದಿ ಬಂದು
ನನ್ನ ಹೊಸ್ತಿಲಿಂದ ಮೂರು ಗೇಣಿಗೆ
ಗುಂಡಿ ತೋಡಿ ಒಂದು ಕಂಬ ನೆಟ್ಟರು.
ಕಂಬದ ತಲಿಮ್ಯಾಲೆ ದುಂಡನ ತಗಡು,
ನೀಲಿ ಬಣ್ಣಕ್ಕ ಕೆಂಪು ಗೀಟು.
ಗಾಡಿ ನಿಲ್ಲಂಗಿಲ್ಲ, ಮುಂಜಾನೆ ಎಂಟರಿಂದ ರಾತ್ರಿ ಹತ್ತು.
ನನ್ನದು ಮೂರು ಗಾಲಿ ಬಂಡಿ,
ಅದರಾಗ ಎರಡು ನನ್ನ ಕಾಲು.

‘ಪೇ ಪಾರ್ಕಿಂಗ್ ಅದ, ಅಲ್ಲೇ ಹತ್ರ’ ಅಂದ್ರು.
ಹತ್ರ ಅಂಬೂದನ್ನ ನೀವು ಮೀಟರಿನಾಗ ಅಳೀತೀರಿ,
ನಾ ಕೋಲಿನಾಗ ಅಳದೀನಿ:
ಹಿಟ್ಟಿನ ಗಿರಣಿ ದಾಟಿ, ಮುಚ್ಚಿದ ಟಾಕೀಜು ದಾಟಿ
ನಾನೂರಾ ಹನ್ನೆರಡು ಕೋಲು.
ನಡುವ ಎರಡು ಗಟಾರ. ಒಂದಕ್ಕ ಕಲ್ಲು ಹಾಸೇದ.
ಇನ್ನೊಂದರ ಅರ್ಜೀನೂ ನಾನೇ ಬರದಿದ್ದೆ,
ಎರಡು ವರ್ಷದ ಹಿಂದ, ಓಣಿ ಪರವಾಗಿ, ಫುಕಟ.

ಗುರುವಾರ ಗಾಲಿಗೆ ಹಳದಿ ಬೀಗ.
ಗೊಲ್ಲಾಳ ಕಾನ್‌ಸ್ಟೇಬಲ್ ಪಕ್ಕದಾಗ ನಿಂತು
ತನ್ನ ಬೂಟಿನ ತುದಿ ನೋಡಕೋತ
‘ಮ್ಯಾಲಿಂದ ಆರ್ಡರ್ರೀ ಅಕ್ಕಾ’ ಅಂದ.
ಅವನ ತಾಯಿ ಪೆನ್ಶನ್ ಅರ್ಜಿ ನನ್ನ ಕೈಯಾಂದು.
ಅಂವ ಅದನ್ನ ಅನ್ನಲಿಲ್ಲ, ನಾನೂ ಅನ್ನಲಿಲ್ಲ.
ಐದನೂರು ರೂಪಾಯಿ ರಸೀದಿ ಹರದುಕೊಟ್ಟ.
ಅದರಾಗ ನನ್ನ ಹೆಸರು ತಪ್ಪಿತ್ತು. ತಿದ್ದಿಕೊಟ್ಟೆ.

ಎದುರುಮನಿ ಗುತ್ತಿಗೆದಾರನ ಎರಡು ಕಾರು
ಅವನ ಮನಿಗಿಂತ ಉದ್ದ. ಆ ಕಡೆ ಕಂಬ ಇಲ್ಲ.
ಯಾಕಂತ ಕೇಳೂದಿಲ್ಲ. ಅದು ಬ್ಯಾರೆ ಅರ್ಜಿ,
ಅದಕ್ಕ ಮೂವತ್ತು ರೂಪಾಯಿ ಸಾಲೂದಿಲ್ಲ.

ಮಾನ್ಯರೇ, ನಮ್ಮ ಗೋಡಿಗೆ ಒಂದು ಕಬ್ಬಿಣದ ಕೊಂಡಿ ಅದ.
ದಾದಾ ದಸ್ತಗೀರ ಟಾಂಗಾ ಹೊಡೀತಿದ್ದ
ಸ್ಟೇಷನ್ನಿಂದ ಇಬ್ರಾಹಿಂ ರೋಜಾಕ್ಕ.
ಬಿಜಲಿ ಅಂಬೋ ಕುದುರಿ ಆ ಕೊಂಡಿಗೆ
ನಿಂತಕೋತನ ನಿದ್ದಿ ಮಾಡಿ, ಲದ್ದಿ ಹಾಕಿ,
ಇಡೀ ಓಣಿಗೆ ಬಾಲ ಬೀಸಿ ಹತ್ತೊಂಬತ್ತು ವರ್ಷ.
ಆಗೂ ಮುನಸಿಪಾಲ್ಟಿ ಇತ್ತು. ಹಿತ್ತಾಳಿ ಬಿಲ್ಲೆಗೆ
ನಂಬರು ಒತ್ತಿ ಕೊಡತಿತ್ತು. ಬಿಜಾಪುರ ಅಂತ ಕೊರದ
ಆ ಬಿಲ್ಲೆ ಇನ್ನೂ ನಮ್ಮ ಟ್ರಂಕಿನಾಗ ಅದ.
ಕುದುರಿಗೆ ಜಾಗಾ ಇದ್ದ ಓಣ್ಯಾಗ
ಟಾಂಗಾದವನ ಮಮ್ಮಗಳಿಗೆ…
ಇದನ್ನ ಹೆಂಗ ಬರೀಲಿ?
‘ಆದ್ದರಿಂದ ಮಾನ್ಯರು’ ಅಂದಕೂಡ್ಲೆ
ಕುದುರಿ ವಾಸನಿ ಹೋಗಿಬಿಡತದ.

ಹಂಗ ನೋಡಿದ್ರ ನಿಮ್ಮ ಕಂಬಾನೂ
ನನ್ನ ಬಾಗಲಕ ಹಗಲೂ ರಾತ್ರಿ ನಿಂತದ,
ಫೀ ಇಲ್ಲ, ರಸೀದಿ ಇಲ್ಲ, ಗಾಲೀನೂ ಇಲ್ಲ.
ಗಿರಣಿ ಹುಡುಗ ಅದಕ್ಕ ಸೈಕಲ್ ಆನಿಸಿ ಹೋಗತಾನ.
ನಿನ್ನೆ ದಣದು ಬಂದು ನಾನೂ ಅದನ್ನ ಹಿಡದು ನಿಂತಿದ್ದೆ.
ಸುಳ್ಳು ಹೇಳೂದಿಲ್ಲ, ಗಟ್ಟಿ ನೆಟ್ಟಾರ.

ರಸ್ತೆ ಇಕ್ಕಟ್ಟು, ಗೊತ್ತದ.
ಅಂಬ್ಯುಲನ್ಸ್ ಒಳಗ ಬರಬೇಕು, ಅದೂ ಗೊತ್ತದ.
ಒಮ್ಮೆ ನಮ್ಮ ಅಮ್ಮಿಗೇ ಬಂದಿತ್ತು. ಮೂಲಿ ತನಕಷ್ಟ.
ಅದಕ್ಕ ಕಂಬ ಕೀಳ್ರಿ ಅನ್ನೂದಿಲ್ಲ.
ಎರಡು ಮೊಳ ಆಚೆ ಸರಸ್ರಿ,
ಒಂದು ಕುದುರಿಯಷ್ಟು ಜಾಗಾ ಬಿಟ್ಟು.

ತಮ್ಮ ವಿಶ್ವಾಸಿ,
ಮಾಲನಬಿ ಟಾಂಗೆವಾಲೆ, ಗಿರಣಿ ಓಣಿ, ವಿಜಯಪುರ.

ಸಹಿ ಆತು.
ಇನ್ನ ಇದನ್ನ ಕೊಡಲಿಕ್ಕ ಪಾಲಿಕೆ ತನಕ ಹೋಗಬೇಕು.
ಅಲ್ಲಿ ಗಾಡಿ ಎಲ್ಲಿ ನಿಲ್ಲಸೂದೋ
ಯಾರನ್ನ ಕೇಳಲಿ.