ಟಾರ್ಚ್ ಹಿಡಿದವಳು

ಬ್ರೋಕನ್ ಹಿಲ್‌ನ ಗಣಿ ಕೆಲಸ ಬಿಟ್ಟ ಮರುವಾರವೇ
ಮಿರ್ಕೊ ಟ್ರೇಲರಿನ ಮೇಲೆ ಹೇರಿಕೊಂಡು ಬಂದ,
ಎಪ್ಪತ್ತನಾಲ್ಕನೆಯ ಇಸವಿಯ ಲ್ಯಾಂಡ್ ಕ್ರೂಸರ್.
ಎಂಜಿನ್ ಇತ್ತು, ತಿರುಗುತ್ತಿರಲಿಲ್ಲ.
ಬಾಗಿಲು ಎರಡಿದ್ದವು; ಎರಡೂ ಎಡಗಡೆಯವು.
‘ಆರು ತಿಂಗಳು ಸಾಕು’ ಅಂದ.
ಅದು ಒಂಬತ್ತು ವರ್ಷದ ಹಿಂದಿನ ಮಾತು.

ನನ್ನ ಕೆಲಸ ಟಾರ್ಚ್ ಹಿಡಿಯುವುದು.
ಸುಲಭ ಅಂದುಕೊಳ್ಳಬೇಡಿ.
ಅವನು ಗಾಡಿಯಡಿ ಅಂಗಾತ ಮಲಗಿ
ಕಾಣದ ಬೋಲ್ಟಿಗೆ ಸ್ಪ್ಯಾನರ್ ತಡಕುವಾಗ
ಬೆಳಕು ಎಲ್ಲಿ ಬೇಕೋ ಅಲ್ಲಿರಕೂಡದು
ಅನ್ನುವುದು ಲೋಕದ ನಿಯಮ.
‘ಅಲ್ಲಲ್ಲ. ಎಡಕ್ಕೆ. ನನ್ನ ಎಡಕ್ಕೆ, ರೇಲೀನ್.
ಮೇಲೆ. ಅಷ್ಟು ಮೇಲಲ್ಲ ಮಾರಾಯ್ತಿ.’
ಮೂವತ್ತೊಂದು ವರ್ಷ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ
ಮಬ್ಬುಗತ್ತಲಲ್ಲೇ ನರ ಹುಡುಕಿ ಸೂಜಿ ಚುಚ್ಚಿದವಳು ನಾನು.
ನನಗೆ ಬೆಳಕು ಹಿಡಿಯಲು ಬರುವುದಿಲ್ಲವಂತೆ.

ಚಾಸಿಯನ್ನು ಮಗುಚಿದ ದಿನ
ಉಕ್ಕಿನ ಟೊಳ್ಳಿನಿಂದ ಮಣ್ಣು ಸುರಿಯಿತು,
ಕೆಂಪು, ಆಮೇಲೆ ಬೂದು, ಮತ್ತೆ ಕೆಂಪು.
ಸುತ್ತಿಗೆಯಲ್ಲಿ ತಟ್ಟಿದಷ್ಟೂ ಬಂತು:
ಎರಡು ಬಕೆಟ್, ಒಂದು ಕುರಿಯ ಹಲ್ಲು,
ಈಗ ಯಾರೂ ಮಾರದ ಬಿಯರಿನ ಮುಚ್ಚಳ.
ಎಷ್ಟು ಬೇಲಿ ದಾಟಿ ಬಂದ ಮಣ್ಣೋ.
ಮಿರ್ಕೊ ಟೋಪಿ ತೆಗೆದು ನೋಡುತ್ತ ನಿಂತ.
ನಾನದನ್ನು ಟೊಮೇಟೊ ಗಿಡದ ಬುಡಕ್ಕೆ ಹಾಕಿದೆ.
ಗಿಡ ಸತ್ತಿತು.

ವಾಲ್ವ್ ಕವರಿನ ಬಣ್ಣ ಒಣಗಿದ್ದು ನನ್ನ ಓವನ್ನಿನಲ್ಲಿ.
ಆ ಕ್ರಿಸ್ಮಸ್ಸಿಗೆ ಸುಟ್ಟ ಕುರಿತೊಡೆಗೆಲ್ಲ ಪೇಂಟಿನ ಘಾಟು.
ಅವನ ತಂಗಿ ಝ್ಲಾಟಾ ಎರಡು ಸಲ ಹಾಕಿಸಿಕೊಂಡಳು,
ಯಾವ ಮಸಾಲೆ ಅತ್ತಿಗೆ, ಎಂದು ಕೇಳಿ.

ಭಾನುವಾರ ಪಾಸ್ಕೋ ಬರುತ್ತಾನೆ,
ಹೆಣ್ಣು ನೋಡಲು ಬಂದವನಂತೆ
ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕುತ್ತಾನೆ.
‘ಪವರ್ ಸ್ಟಿಯರಿಂಗೇ? ಮುಂದೆ ಡಿಸ್ಕ್ ಬ್ರೇಕೇ?
ಅಸಲಿ ಗಾಡಿಯ ಮಾನ ಕಳೆದೆಯಲ್ಲೋ.’
ಮೂಗಿಗಿಂತ ಮೂಗುತಿ ಭಾರ, ಒಪ್ಪಿದೆ;
ಗುಜರಿಯಿಂದ ತಂದ ಆ ಸ್ಟಿಯರಿಂಗ್ ಪೆಟ್ಟಿಗೆ
ಇಡೀ ಗಾಡಿಗೆ ಕೊಟ್ಟದ್ದಕ್ಕಿಂತ ದುಬಾರಿ.
ಆದರೆ ಪಾಸ್ಕೋನ ಹೆಗಲು ಡ್ರಿಲ್ಲಿಗೆ ಸವೆದದ್ದಲ್ಲ,
ಬ್ಯಾಂಕಿನಲ್ಲಿ ನೋಟು ಎಣಿಸಿದವನು.
ಮಿರ್ಕೊ ಬಾಯಿಂದ ಹಲ್ಲಿನ ಸೆಟ್ ತೆಗೆದು
ಬಾನೆಟ್ಟಿನ ಮೇಲಿಟ್ಟು ಕೇಳಿದ,
ತೊದಲು ತೊದಲಾಗಿ: ‘ನಾನು ಅಸಲಿಯೋ, ನಕಲಿಯೋ?’

ಈ ಚಳಿಗಾಲ ಅವನ ಬಲಗೈ
ಎದೆಯ ಮಟ್ಟ ದಾಟಿ ಏಳಲಿಲ್ಲ.
ಗೇರುಪೆಟ್ಟಿಗೆಯ ಹಿಂದೆ ಒಂದು ನಟ್ಟು ಉಳಿದಿತ್ತು,
ಐವತ್ತು ವರ್ಷದಿಂದ ಯಾರ ಮಾತೂ ಕೇಳದ ನಟ್ಟು.
ರಟ್ಟು ಹಾಸಿ ನಾನೇ ಒಳಗೆ ಸರಿದೆ.
ಅಲ್ಲಿ ಆಕಾಶ ಒಂದು ಗೇಣು ಎತ್ತರ,
ಪೂರಾ ಜಿಡ್ಡು.
ಒಂದು ಹನಿ ಎಣ್ಣೆ ಹುಬ್ಬಿಗೆ ಬಿತ್ತು.
ಆಮೇಲೆ ಕಣ್ಣು ಕುಕ್ಕಿತು.

‘ನಟ್ಟಿನ ಮೇಲೆ, ಮಿರ್ಕೊ. ನನ್ನ ಮುಖದ ಮೇಲಲ್ಲ.’
ಬೆಳಕು ಸರಿಯಿತು.
ಸ್ವಲ್ಪ ಹೊತ್ತಿಗೆ ಮೆಲ್ಲಗೆ ವಾಪಸು ಬಂತು.
‘ಎಡಕ್ಕೆ. ನನ್ನ ಎಡಕ್ಕೆ.’
ಮಾತಿಲ್ಲ ಕತೆಯಿಲ್ಲ.
ಬೆಳಕು ಅಲ್ಲೇ, ಕೆನ್ನೆಯ ಜಿಡ್ಡಿನ ಮೇಲೆ.
ಬಯ್ಯೋಣವೆಂದು ಬಾಯಿ ತೆರೆದೆ.
ತೆರೆದ ಬಾಯಿ ಮುಚ್ಚಿ
ಕುರುಡಾಗಿಯೇ ಸ್ಪ್ಯಾನರ್ ಕೂರಿಸಿ ಎಳೆದೆ.
ಟಪ್ಪೆಂದು ಬಂತು, ಕಿತ್ತ ಹಲ್ಲಿನಂತೆ.

ಗಾಡಿ ಇನ್ನೂ ಹೊರಟಿಲ್ಲ.
ಹಾರ್ನ್ ಕೆಲಸ ಮಾಡುತ್ತದೆ;
ಚಹಾ ಬೇಕಾದಾಗಲೆಲ್ಲ ಒತ್ತುತ್ತಾನೆ,
ಪಕ್ಕದ ಮನೆಯ ನಾಯಿ ಉತ್ತರ ಕೊಡುತ್ತದೆ.
ಬಲಗಡೆಯ ಬಾಗಿಲು ಅಡಿಲೇಡಿನಿಂದ ಬರಬೇಕಂತೆ.
ಅಲ್ಲಿಯತನಕ ಡ್ರೈವರ್ ಸೀಟಿಗೆ
ಬಾಗಿಲು ತೆಗೆಯದೆಯೇ ಹತ್ತಬಹುದು.
ಕಪ್ಪು ಕೊಟ್ಟೆ. ಸರಿದು ಜಾಗ ಬಿಟ್ಟ.