ಮೂರನೆಯ ಗೀಟು

ಸೇತುವೆಯ ಕಂಬದ ಮೇಲೆ ಅಜ್ಜ ಉಳಿಯಿಂದ ಕೊರೆದ
ಗೀಟುಗಳು ಮೂರು.
ಮೊದಲನೆಯದು ಕಂಡರೆ ಕುರಿಗಳನ್ನು ದಾಟಿಸಬಹುದು,
ಎರಡನೆಯದಕ್ಕೆ ಕಂಬಳಿ ಒಗೆಯಬಹುದು,
ಮೂರನೆಯದು ಬಿಸಿಲಿಗೆ ಬಿದ್ದ ದಿನ
ಗಾಳದವರು ಬರುತ್ತಾರೆ,
ಲಿಯೋನಿನಿಂದ, ಒವಿಯೇದೊದಿಂದ,
ತೊಡೆಮಟ್ಟದ ರಬ್ಬರ್ ಬೂಟಿನಲ್ಲೇ ಕಾರಿಳಿದು
ನನ್ನ ಬಾಗಿಲು ತಟ್ಟುತ್ತಾರೆ.

ನನ್ನ ಹೆಸರು ಒಲ್ವಿದೊ. ನಮ್ಮ ಮಾತಿನಲ್ಲಿ ಮರೆವು ಎಂದರ್ಥ.
ಯಾಕೆ ಇಟ್ಟರೋ, ಇಟ್ಟವರೂ ಮರೆತು ಹೋದರು.
ನಾನು ಸಾಕುವುದು ಹುಂಜ.
ಸಾರಿಗಲ್ಲ, ಕಾಳಗಕ್ಕಲ್ಲ,
ಬೆನ್ನ ಮೇಲಿನ ಗರಿಗೆ:
ಬೂದಿಯ ಮೇಲೆ ಜೇನು ಚಿಮುಕಿಸಿದಂಥ ಚುಕ್ಕೆ,
ಅಂಚಿಗೆ ಗಾಜಿನ ಹೊಳಪು.
ಇದೇ ಹುಂಜವನ್ನು ಗುಡ್ಡದಾಚೆ ಒಯ್ದರೆ
ಮರುವರ್ಷದ ಗರಿ ಮಂಕು. ಯಾಕೆಂದು ಕೇಳಬೇಡಿ.
ನೀರೋ, ಕಲ್ಲೋ, ನಮ್ಮ ಬೈಗುಳವೋ.

ಚಂದ್ರ ಸವೆಯುವ ವಾರ
ಮಂಡಿಗಳ ನಡುವೆ ಒತ್ತಿ ಹಿಡಿದು
ಒಂದೊಂದೇ ಕೀಳುತ್ತೇನೆ. ಅದು ಬೈಯುತ್ತದೆ. ನಾನೂ.
ರಾತ್ರಿ ಅದಕ್ಕೆ ಒಂದು ಹಿಡಿ ಹೆಚ್ಚು ಗೋಧಿ,
ನನಗೆ ಒಂದು ಗುಟುಕು ಹೆಚ್ಚು ವೈನು.
ಲೆಕ್ಕ ಚುಕ್ತಾ.

ಅಜ್ಜನ ನೋಟುಪುಸ್ತಕ ಮೇಜಿನ ಮೇಲೆ:
'ಮೇ ಎಂಟರಿಂದ ಇಪ್ಪತ್ತು. ಮೈಗೆ ಹಳದಿ ರೇಷ್ಮೆ,
ಸುತ್ತಿಗೆ ಕಂದು ದಾರ, ರೆಕ್ಕೆಗೆ ಮುದಿ ಹುಂಜದ ಗರಿ.
ಮಧ್ಯಾಹ್ನ. ಮೋಡವಿದ್ದರೆ ಉತ್ತಮ.'
ಮೂವತ್ತೈದು ವರ್ಷ ಈ ಸಾಲುಗಳ ಮೇಲೆ
ಬೆರಳಾಡಿಸಿ ನೊಣ ಕಟ್ಟಿದ್ದೇನೆ.
ಹೊಳೆಗೆ ಇಳಿದವಳಲ್ಲ.
ನೊಣ ಹೇಗಿರುತ್ತದೆಂದು ಅಜ್ಜನ ಅಕ್ಷರಕ್ಕೆ ಗೊತ್ತಿತ್ತು.

ಈ ಸಲ ಏಪ್ರಿಲ್ ಹತ್ತಕ್ಕೇ ಮೂರನೆಯ ಗೀಟು.
ಹಾಲು ಬೆರೆಸಿದಂತಿದ್ದ ನೀರು ಹಸಿರಾಗಿ,
ಆಮೇಲೆ ಬಣ್ಣವೇ ಬೇಡವೆಂದು ತಿಳಿಯಾಯಿತು.
ಮೇಲೆ ಶಿಖರದಲ್ಲಿ ಹಿಮ, ಅಲ್ಲೊಂದು ಇಲ್ಲೊಂದು,
ಒಗೆದು ಎತ್ತಲು ಮರೆತ ಕಾಲುಚೀಲ.

ಏವುತಿಮಿಯೊ ಬಂದ. ಮೂರು ದಿನದಿಂದ ಒಂದೂ ಕಚ್ಚಿಲ್ಲ.
ನನ್ನ ಹನ್ನೆರಡು ನೊಣಗಳನ್ನೂ ಮೇಜಿಗೆ ಸುರಿದ.
'ದುಡ್ಡು ವಾಪಸ್ಸು ಬೇಡ. ಬಂದು ನೋಡು.'
ಅವನ ಹಳೆಯ ಬೂಟು ನನಗೆ ಎರಡಳತೆ ದೊಡ್ಡದು.
ಮೂತಿಗೆ ಪೇಪರು ತುರುಕಿ ನಡೆದೆ.

ತಣ್ಣಗಿದೆ ಅಂದರೆ ಸಾಲದು;
ಮರೆತ ಸಾಲವನ್ನು ಯಾರೋ ಮೂಳೆಗೆ ನೆನಪಿಸಿದ ಹಾಗೆ.
ಕಲ್ಲು ಜಾರಿತು. ಅವನ ತೋಳು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ.
'ಮಾತಾಡಬೇಡ' ಎಂದ.
ನಾನು ಮಾತಾಡಿರಲಿಲ್ಲ.

ಆಗ ಬಂದವು.
ನೀರಿನ ಚರ್ಮ ಸೀಳಿ ಒಂದು, ಆಮೇಲೆ ಎಣಿಸಲಾರದಷ್ಟು,
ಹರಿವಿನ ಮೇಲೇ ಕುಳಿತು
ರೆಕ್ಕೆ ಆರಿಸಿಕೊಳ್ಳುತ್ತ, ತೇಲುತ್ತ.
ಬಂಡೆಯ ನೆರಳಲ್ಲೊಂದು ಬಾಯಿ ತೆರೆದು ಮುಚ್ಚಿತು,
ಬಿಸಿ ಸೂಪು ಹೀರಿದ ಸದ್ದು.
ಒಂದು ನೊಣ ನನ್ನ ಮುಂಗೈಗೆ ಇಳಿಯಿತು.

ಹಳದಿಯಲ್ಲ.
ನಾನು ಇಷ್ಟು ವರ್ಷ ಸುತ್ತಿದ ಹಳದಿ ಅಲ್ಲವೇ ಅಲ್ಲ.
ಅವರೆಯ ಸಿಪ್ಪೆ ಬಿಡಿಸಿದರೆ ಒಳಗಡೆ ಇರುತ್ತದಲ್ಲ,
ಆ ಹಸಿ, ಎಳೆ, ಇನ್ನೂ ಹೆಸರಿಡದ ಹಸಿರು.
ಇದು ಅಜ್ಜನ ಮೇ ತಿಂಗಳ ನೊಣ ಇರಲಿಕ್ಕಿಲ್ಲ.
ಅಥವಾ ಅದೇ, ಅವಸರಕ್ಕೆ
ಬಣ್ಣ ಮುಗಿಸದೆ ಬಂದದ್ದು.
ನನಗೆ ತಿಳಿಯದು.

ದಡದಲ್ಲಿ ಕೂತು ನನ್ನ ಸ್ವೆಟರಿನ ತೋಳಿನಿಂದ
ಒಂದು ಹಸಿರೆಳೆ ಕಿತ್ತೆ. ಹಳೆಯ ನೊಣದ ಗರಿ ಬಿಚ್ಚಿ,
ಹಲ್ಲಲ್ಲಿ ದಾರ ಕಚ್ಚಿ, ಚಳಿಗೆ ಸೆಟೆದ ಬೆರಳಲ್ಲಿ
ಕಟ್ಟಿದ್ದು ನೋಡಿದರೆ ಅಜ್ಜ ನಗುತ್ತಿದ್ದ.
ಏವುತಿಮಿಯೊ ನಗಲಿಲ್ಲ. ಬೀಸಿದ.
ಎರಡನೆಯ ಸಲ ಬೀಸಿದ.

ಮೀನು ಬಂತು, ಕಚ್ಚಿತು, ಬಂಡೆಯಡಿ ನುಗ್ಗಿತು,
ದಾರ ಪಟ್ಟೆಂದಿತು.
ಅವನು ಸಂತರನ್ನೆಲ್ಲ ಹೆಸರು ಹಿಡಿದು ಬೈದ.
ನಾನು ನೀರಿನಲ್ಲಿ ನಿಂತೇ ಇದ್ದೆ
ಕಾಲು ನನ್ನದೆಂಬುದು ಮರೆತು.

ನೋಟುಪುಸ್ತಕದಲ್ಲಿ ಅಜ್ಜನ ಸಾಲು ಹೊಡೆದು ಹಾಕಲಿಲ್ಲ.
ಕೆಳಗೆ ಬರೆದೆ: 'ಎಳೆ ಹಸಿರು. ದಿನಾಂಕ ಬೇಡ,
ಇಳಿದು ನೋಡಿ.'
ಬಾಗಿಲು ತಟ್ಟಿದವರಿಗೂ ಅದನ್ನೇ ಹೇಳುತ್ತೇನೆ,
ಅವರು ಪೆಚ್ಚಾಗಿ ಹಳದಿಯನ್ನೇ ಕೊಳ್ಳುತ್ತಾರೆ.

ತೋಳಿನಲ್ಲಿ ತೂತು ಹಾಗೇ ಇದೆ.
ಇವತ್ತು ಬೆಳಿಗ್ಗೆ ಹುಂಜ ಅದರೊಳಗೆ ಕೊಕ್ಕು ತೂರಿಸಿ
ಏನೋ ಹುಡುಕಿತು.