ಗುಪ್ಪೆಯ ಲೆಕ್ಕ

ಕೊಲ್ಚಾನಿಯಾಚೆ ಉಪ್ಪಿನ ಬಯಲು.
ಮರವಿಲ್ಲ, ಬಂಡೆಯಿಲ್ಲ; ನೆರಳೆಂದರೆ
ನಾವೇ ಸುರಿದ ಗುಪ್ಪೆಯ ನೆರಳು.
ಅಜ್ಜಿ ಹೆರ್ಮೊಹೆನಾ ಕೋಲ್ಕೆ
ಕಣ್ಣಿಗೆ ಕಪ್ಪು ಕನ್ನಡಕ, ಮೂಗಿಗೆ ಉಣ್ಣೆಯ ಮುಸುಕು,
ಒಂದೇ ಗುರಿಗೆ ಸಲಿಕೆ ಸುರಿಯುವಳು.
ಉಳಿದದ್ದು ಉಪ್ಪಿನ ಕೆಲಸ.
ನೆತ್ತಿಗೆ ಬಿದ್ದ ಹರಳು ಚಣ ಹೊತ್ತು ನಿಂತು
ಯಾವ ಕಡೆಗೆಂದು ಯೋಚಿಸಿ
ಜಾರುತ್ತದೆ. ಮುಂದಿನದು ಮತ್ತೊಂದು ಕಡೆಗೆ.
ಯಾರೂ ಕೈವಾರ ಹಿಡಿಯದೆ
ಬುಡದಲ್ಲೊಂದು ವೃತ್ತ ತಾನೇ ಬರೆದುಕೊಳ್ಳುತ್ತದೆ.

ಚಿಕ್ಕದಿರಲಿ ದೊಡ್ಡದಿರಲಿ, ಓರೆ ಮಾತ್ರ ಒಂದೇ.
ಇನ್ನೂ ಕಡಿದಾಗಿ ನಿಲ್ಲಿಸಹೋದರೆ
ಹೊರೆ ಹೆಚ್ಚಾದ ಲಾಮಾದಂತೆ
ಅಲ್ಲೇ ಕುಸಿದು ಕೂರುತ್ತದೆ,
ಬೈದರೂ ಏಳುವುದಿಲ್ಲ.

ದೋನ್ ಎಲಿಯೋದೊರೊ ಲಾರಿ ತರುತ್ತಿದ್ದ.
ತಕ್ಕಡಿಯಿಲ್ಲ, ಕೆಂಪು ಗೆರೆಗಳ ಒಂದು ಕೋಲು.
ನೆತ್ತಿಯಿಂದ ನೇರ ಕೆಳಗೆ ಚುಚ್ಚುವನು;
ನನ್ನ ಬೆರಳು ಇಳಿಯುತ್ತಿದ್ದ ಓರೆದಾರಿಯ ಉದ್ದ
ಅವನಿಗೆ ಬೇಕಿರಲಿಲ್ಲ.
ಮೊಣಕಾಲೆತ್ತರಕ್ಕೆ ಐದು ಬೊಲಿವಿಯಾನೊ,
ಸೊಂಟದೆತ್ತರಕ್ಕೆ ಹತ್ತು.
"ಎರಡರಷ್ಟು ಎತ್ತರ, ಎರಡರಷ್ಟು ಹಣ,
ದೇವರು ಮೆಚ್ಚುವ ಲೆಕ್ಕ."
ಹೊಗಳುತ್ತಲೂ ಇದ್ದ: "ಗುಪ್ಪೆಯೆಂದರೆ ಕೋಲ್ಕೆಯವರದು!"
ಆ ಮಾತಿಗೆ ಅಜ್ಜಿ ಇನ್ನೊಂದು ಸಲಿಕೆ
ಸುಮ್ಮನೆ ಸೇರಿಸುತ್ತಿದ್ದಳು.

ನನಗೆ ಒಂಬತ್ತಾಗಿದ್ದಾಗ, ಒಂದು ಚಳಿಯ ಬೆಳಗು,
ಹೊತ್ತು ಹೋಗಲೆಂದು ಎಣಿಕೆ ಹಿಡಿದೆ.
ಸಲಿಕೆಗೊಂದರಂತೆ ಜೋಳದ ಕಾಳು ಟೋಪಿಗೆ.
ಸಣ್ಣದಕ್ಕೆ ನಲವತ್ತು.
ದೊಡ್ಡದಕ್ಕೆ ಎಂಬತ್ತು ಸಾಕೆಂದು ಎತ್ತಿಟ್ಟಿದ್ದೆ.
ಎಂಬತ್ತೂ ಮುಗಿದಾಗ ಗುಪ್ಪೆ
ಮೊಣಕಾಲಿನ ಮೇಲೆ ಅರ್ಧ ಗೇಣು.
ಟೋಪಿ ಬರಿದು ಮಾಡಿ ಮತ್ತೆ ಹಾಕಿದೆ,
ಮತ್ತೆ, ಇನ್ನೂ ಒಮ್ಮೆ.
ನಾಲ್ಕನೆಯ ಸಲ ಕಾಳು ತೀರಿದಾಗ
ತುದಿ ಅಜ್ಜಿಯ ಸೊಂಟ ಮುಟ್ಟಿತು.

ಅವಳು ಸಲಿಕೆ ಊರಿ ನಿಂತಳು.
ಬಯ್ಯಲಿಲ್ಲ. ಅಳಲಿಲ್ಲ.
"ಎಂಟು ಕೊಟ್ಟೆ, ಎರಡರ ಹಣ ಬಂತು," ಎಂದಳು.
ಆಮೇಲೆ ಬೆರಳು ಮಡಿಸಿ ವರುಷಗಳನ್ನೆಣಿಸಿದಳು;
ಬೆರಳು ಸಾಲದೆ ನನ್ನ ಕೈ ತೆಗೆದುಕೊಂಡಳು.

ಮುಂದಿನ ಶುಕ್ರವಾರ ಲಾರಿ ಬಂತು.
ಬಯಲ ತುಂಬ ಮೊಣಕಾಲೆತ್ತರದವೇ,
ಕಣ್ಣು ಹಾಯುವವರೆಗೆ.
"ಏನಿದು, ಕೋಳಿಮರಿಗಳೇ?"
"ಬೆನ್ನು ನೋವು, ದೋನ್.
ಮೊಣಕಾಲಿಗೆ ಐದಲ್ಲವೇ? ದೇವರು ಮೆಚ್ಚುವ ಲೆಕ್ಕ."
ಅವನು ಕೋಲು ಚುಚ್ಚುತ್ತ, ನೋಟು ಎಣಿಸುತ್ತ ಹೋದ.
ಲಾರಿಯ ಪಟ್ಟಿಗಳು ಬಾಗಲೇ ಇಲ್ಲ.
ಉಪ್ಪು ತಿಂದವನು ನೀರು ಕುಡಿದ;
ಮೂರನೆಯ ಸಲ ಬರುವಾಗ
ಲಾರಿಯಲ್ಲಿ ತಕ್ಕಡಿಯಿತ್ತು.

ಮುಂದೆ ಉಯುನಿಯ ಶಾಲೆಯಲ್ಲಿ ಮೇಷ್ಟ್ರು
ಕಪ್ಪು ಹಲಗೆಯ ಮೇಲೆ ಶಂಕು ಬರೆದರು.
ಅದೇ ಬುಡ, ಅದೇ ಎತ್ತರದ ಪೀಪಾಯಿಗೆ
ಮೂರು ಗುಪ್ಪೆ ಹಿಡಿಯುತ್ತದೆ, ಎಂದರು.
ತುದಿಗೆ ತುದಿ ತಾಗಿದ ಎರಡು ಶಂಕುಗಳನ್ನೂ ಬರೆದರು.
ನಮ್ಮಲ್ಲಿ ಹಾಗಲ್ಲ, ಸರ್, ಎಂದೆ:
ಫೆಬ್ರವರಿಯ ತೆಳುನೀರು ಬಯಲ ಮೇಲೆ ನಿಂತಾಗ
ಗುಪ್ಪೆಗೆ ಅದರದೇ ಬಿಂಬ ಬುಡಕ್ಕೆ ಬುಡ ಸೇರಿ
ಬುಗುರಿಯಾಗುತ್ತದೆ, ತಿರುಗದ ಬುಗುರಿ.

ಶಂಕುವಿನ ಭಾರ ನಿಂತಿರುವುದು
ಬುಡದಿಂದ ಕಾಲು ಎತ್ತರದಲ್ಲಿ, ಎಂದು ಪಾಠ.
ಮನೆಗೆ ಬಂದು ಹೇಳಿದೆ.
"ಭಾರ ಕಾಲಲ್ಲೇ ಇರುತ್ತದೆ," ಎಂದಳು ಅಜ್ಜಿ,
ಊದಿದ ಪಾದ ಬಿಸಿನೀರಿಗಿಳಿಸುತ್ತ.
"ತುದಿಯಲ್ಲಿ ಉಪ್ಪೇ ಇಲ್ಲ, ಮಗಾ.
ಅದಕ್ಕೇ ಅವನು ತುದಿ ನೋಡಿ ಬೆಲೆ ಕಟ್ಟಿದ್ದು."

ಈಗ ಅವಳು ಅರ್ಧಕ್ಕೆ ಬಾಗಿದ್ದಾಳೆ.
ಎಷ್ಟೋ ನೆರಿಗೆಯ ಅದೇ ಅಗಲದ ಲಂಗ,
ಮೇಲರ್ಧ ಯಾರೋ ಕೊಯ್ದಂತೆ.
ನೋಡಿದವರು ಅಯ್ಯೋ ಅನ್ನುತ್ತಾರೆ.
ನಾನು ಸಲಿಕೆ ಹಿಡಿದವಳ ಮೊಮ್ಮಗಳು, ಲೆಕ್ಕ ಹಾಕುತ್ತೇನೆ:
ಎತ್ತರದಲ್ಲಿ ಅರ್ಧ ಹೋಗಿದೆ;
ಎಂಟರಲ್ಲಿ ಏಳು ಪಾಲು ಇನ್ನೂ ಇಲ್ಲೇ ಇದೆ,
ಒಲೆಯ ಪಕ್ಕ,
ಸಾರಿಗೆ ಉಪ್ಪು ಸಾಲದೆಂದು ಗೊಣಗುತ್ತ.